ನಲ್ಲಿ ನೋಡುವ ಮೊದಲು ಬಚ್ಚಲು ನೋಡಿ

ಪೆಸಿಫಿಕ್ ಸಾಗರದ ಹವಳದ ದ್ವೀಪಗಳಲ್ಲಿ ನೀರು ಮತ್ತು ಶೌಚಾಲಯದ ಯೋಜನೆಗಳನ್ನು ನಡೆಸುತ್ತಿದ್ದೆ. ಈಗ ಊರಿಗೆ ಬಂದು ಚಿತ್ರದುರ್ಗ ಜಿಲ್ಲೆಯ ಹಳ್ಳಿಗಳಲ್ಲಿ ಅದೇ ಕೆಲಸ ಮಾಡುತ್ತಿದ್ದೇನೆ. ಹೊಸದಾಗಿ ಸೇರುವ ಹುಡುಗ ಹುಡುಗಿಯರು ಒಂದು ಪ್ರಶ್ನೆ ಕೇಳಿಯೇ ಕೇಳುತ್ತಾರೆ. "ಸಾರ್, ಅಲ್ಲಿ ಸುತ್ತ ಸಮುದ್ರ, ಇಲ್ಲಿ ಬರೀ ಬಂಡೆ. ಅಲ್ಲಿಯ ಅನುಭವ ಇಲ್ಲಿ ಏನಕ್ಕೆ ಬರುತ್ತೆ?"

ಹವಳದ ದ್ವೀಪದಲ್ಲಿ ಹೊಳೆ ಇರುವುದಿಲ್ಲ. ಮಳೆ ನೀರು ಮರಳಿನಲ್ಲಿ ಇಳಿದು, ಕೆಳಗಿರುವ ಉಪ್ಪು ನೀರಿನ ಮೇಲೆ ನಿಲ್ಲುತ್ತದೆ, ಸಾರಿನ ಮೇಲೆ ಒಗ್ಗರಣೆ ಎಣ್ಣೆ ತೇಲಿದ ಹಾಗೆ. ಸಿಹಿ ನೀರು ಸ್ವಲ್ಪ ಹಗುರ, ಅಷ್ಟೇ ಕಾರಣ. ಪುಸ್ತಕದ ಲೆಕ್ಕದಲ್ಲಿ ಸಿಹಿ ನೀರು ಸಮುದ್ರ ಮಟ್ಟಕ್ಕಿಂತ 1 ಮೀಟರ್ ಮೇಲಿದ್ದರೆ ಕೆಳಗೆ 40 ಮೀಟರ್ ಇರಬೇಕು. ಚಿಕ್ಕ ದ್ವೀಪದಲ್ಲಿ ಅಷ್ಟೆಲ್ಲ ಸಿಗುವುದಿಲ್ಲ. ಉಬ್ಬರ ಇಳಿತಕ್ಕೆ ಎರಡೂ ಕಲೆಯುತ್ತವೆ. ನಮ್ಮ ಕಡೆಯ ಹಾಗೆ ಬೋರ್ ಕೊರೆದು ಜೋರಾಗಿ ಮೋಟರ್ ಓಡಿಸಿದರೆ ಅಡಿಯ ಉಪ್ಪು ಮೇಲೆದ್ದು ಬರುತ್ತದೆ. ಅದಕ್ಕೇ ಕಿರಿಬಾಟಿ ದೇಶದ ತರಾವಾದಲ್ಲಿ ತೂತಿರುವ ಪೈಪ್‌ಗಳನ್ನು ಅಡ್ಡಡ್ಡ ಹೂತು, ಮೇಲ್ಪದರದ ನೀರನ್ನು ಮಾತ್ರ ನಿಧಾನವಾಗಿ ಎಳೆಯುತ್ತಾರೆ.

ಈ ತೆಳು ನೀರಿನ ಮೇಲೆಯೇ ಜನರ ಮನೆ, ಬಾವಿ, ಕಕ್ಕಸಿನ ಗುಂಡಿ ಎಲ್ಲ ಇವೆ. ಬಾವಿಗೂ ಗುಂಡಿಗೂ ದೂರ ಬಿಡೋಣ ಅಂದರೆ ಜಾಗವೇ ಇಲ್ಲ. ಹವಳದ ಮರಳು ಸೋಸುವುದಕ್ಕೂ ಪುರುಸೊತ್ತು ಕೊಡುವುದಿಲ್ಲ, ಬಿದ್ದದ್ದನ್ನು ಹಾಗೇ ಕೆಳಗೆ ಬಿಡುತ್ತದೆ. 1977ರಲ್ಲಿ ತರಾವಾದಲ್ಲಿ ಕಾಲರಾ ಹರಡಿತು. ಆಮೇಲೆ ಅಲ್ಲಿ ಸಮುದ್ರದ ನೀರಿನಿಂದಲೇ ಫ್ಲಶ್ ಮಾಡುವ ಒಳಚರಂಡಿ ಬಂತು. ನನಗಿದು ಬಹಳ ಜಾಣ ಕೆಲಸ ಅನ್ನಿಸುತ್ತದೆ. ಆದರೆ ಉಪ್ಪು ಪಂಪನ್ನು ತಿನ್ನುತ್ತದೆ. ಅದರ ಬಿಡಿಭಾಗ ಹಡಗಿನಲ್ಲೇ ಬರಬೇಕು! ಅದೇ ಸಾಗರದ ಇನ್ನೊಂದು ದ್ವೀಪ ದೇಶ ಟುವಾಲುವಿನಲ್ಲಿ ನೀರೇ ಬೇಡದ, ಗೊಬ್ಬರವಾಗುವ ಶೌಚಾಲಯಗಳನ್ನು ಕಟ್ಟಿದ್ದಾರೆ. 2011ರ ಬರದಲ್ಲಿ ಅಲ್ಲಿ ಮನೆಮನೆಗೆ ನೀರನ್ನು ಅಳೆದು ಹಂಚಬೇಕಾಗಿತ್ತು. ಅಂಥ ಕಡೆ ಫ್ಲಶ್ ಮಾಡಿ ಅಂತ ಯಾರಿಗೆ ಹೇಳುವುದು?

ಅಲ್ಲಿ ನೀರಿಗೊಂದು ಫೈಲು, ಕಕ್ಕಸಿಗೊಂದು ಫೈಲು ಅಂತ ಇಟ್ಟರೆ ಕೆಲಸ ನಡೆಯುವುದಿಲ್ಲ. ಎರಡಕ್ಕೂ ಇರುವುದು ಒಂದೇ ನೆಲ. ನಾನು ಕಲಿತದ್ದು ಇದೊಂದೇ ಅಂದರೂ ಸರಿ. ನೀರು ಎಲ್ಲಿಂದ ಬರುತ್ತದೆ ಅಂತ ಎಲ್ಲರೂ ಕೇಳುತ್ತಾರೆ, ಬಳಸಿದ ಮೇಲೆ ಎಲ್ಲಿಗೆ ಹೋಗುತ್ತದೆ ಅಂತ ಮೊದಲು ಕೇಳಬೇಕು.

ಈಗ ನಮ್ಮ ಕಡೆಗೆ ಬನ್ನಿ. ಹಳ್ಳಿಯ ಮನೆಮನೆಗೆ ನಲ್ಲಿ ನೀರು ಕೊಡಲು 2019ರಲ್ಲಿ ಶುರುವಾದ ಜಲ ಜೀವನ್ ಯೋಜನೆಯ ಗುರಿ ತಲೆಗೆ ದಿನಕ್ಕೆ 55 ಲೀಟರ್. ಎಂಜಿನಿಯರುಗಳ ಲೆಕ್ಕದಲ್ಲಿ ಇದರ ಸುಮಾರು ಶೇ 80 ಭಾಗ ಬಚ್ಚಲಿನಿಂದ ಹೊರಗೆ ಬರುತ್ತದೆ. ಐದು ಜನರ ಮನೆಗೆ 220 ಲೀಟರ್. ಮೊದಲು ಬಿಂದಿಗೆಯಲ್ಲಿ ಹೊತ್ತು ತರುತ್ತಿದ್ದಾಗ ಇಷ್ಟು ನೀರು ಚರಂಡಿಗೆ ಬೀಳುತ್ತಲೇ ಇರಲಿಲ್ಲ. ಈಗ ಬೀಳುತ್ತದೆ, ಮತ್ತು ಎಷ್ಟೋ ಬೀದಿಗಳಲ್ಲಿ ನಲ್ಲಿಯ ಪೈಪು ಅದೇ ಚರಂಡಿಯ ಒಳಗೇ ಹಾದು ಹೋಗಿರುತ್ತದೆ.

ನೀರು ಬಿಡುವುದು ದಿನಕ್ಕೆ ಸ್ವಲ್ಪ ಹೊತ್ತು ಮಾತ್ರ. ವಾಲ್ವ್ ಮುಚ್ಚಿದಾಗ ಪೈಪಿನ ಒಳಗೆ ಒತ್ತಡ ಇಳಿಯುತ್ತದೆ. ಆಗ ಸಡಿಲವಾದ ಜಾಯಿಂಟಿನಿಂದ ಪೈಪು ಚರಂಡಿ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಜೊತೆಗೆ ನಲ್ಲಿ ಗುಂಡಿ. ಒತ್ತಡ ಸಾಲದು ಅಂತ ಜನ ನೆಲ ಅಗೆದು, ನಲ್ಲಿ ಕಿತ್ತು, ಪೈಪಿನ ಮಟ್ಟದಲ್ಲಿ ಬಿಂದಿಗೆ ಇಡುತ್ತಾರೆ. ಪಾತ್ರೆ ತೊಳೆದ ನೀರೂ ಅದೇ ಗುಂಡಿಗೆ. ಇದರಲ್ಲಿ ಜನರನ್ನು ಬೈದು ಪ್ರಯೋಜನವಿಲ್ಲ, ಮೇಲೆ ಏರದ ನೀರಿಗೆ ಅವರಾದರೂ ಇನ್ನೇನು ಮಾಡಬೇಕು?

ಶೌಚಾಲಯದ ಕತೆಯೂ ಹೀಗೇ. ಎರಡು ಗುಂಡಿಯ ವಿನ್ಯಾಸ ಒಳ್ಳೆಯದು. ಒಂದು ತುಂಬಿದರೆ ಇನ್ನೊಂದಕ್ಕೆ ತಿರುಗಿಸಿ, ಮೊದಲಿನದನ್ನು ಎರಡು ವರ್ಷ ಮುಚ್ಚಿಟ್ಟರೆ ಗೊಬ್ಬರ. ಆದರೆ ಹಿರಿಯೂರು ಕಡೆಯ ಎರೆ ಭೂಮಿ ಮಳೆಗಾಲದಲ್ಲಿ ನೀರನ್ನು ಇಂಗಿಸಿಕೊಳ್ಳುವುದಿಲ್ಲ, ಗುಂಡಿ ಉಕ್ಕುತ್ತದೆ. ಬಂಡೆ ಇರುವ ಕಡೆ ಆಳವೇ ಸಿಗುವುದಿಲ್ಲ. ದ್ವೀಪದ ಮರಳಿಗೆ ಇನ್ನೊಂದು ತೊಂದರೆ. ಒಂದೇ ನಕ್ಷೆಯನ್ನು ಎಲ್ಲ ಕಡೆ ಅಂಟಿಸುವವರು ಒಂದು ಸಲ ಆ ನೆಲ ಅಗೆದು ನೋಡಬೇಕು.

ಬೋರ್ ನೀರಿನಲ್ಲಿ ಹಲ್ಲು, ಮೂಳೆ ಕೆಡಿಸುವಷ್ಟು ಫ್ಲೋರೈಡ್ ಇರುವ ಊರಿನಲ್ಲಿ ಶುದ್ಧ ಕುಡಿಯುವ ನೀರಿನ ಘಟಕ ಇರುತ್ತದೆ. ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ದಾಟಬಾರದು, ಬೇರೆ ದಾರಿ ಇಲ್ಲದಿದ್ದರೆ 1.5ರವರೆಗೆ ಒಪ್ಪಬಹುದು. ಯಂತ್ರ ಅದನ್ನು ತೆಗೆಯುತ್ತದೆ ಸರಿ. ತೆಗೆದದ್ದು ಹೋಗುವುದೆಲ್ಲಿಗೆ? ಹಿಂದಿನ ಪೈಪಿನಿಂದ, ಬಹಳ ಕಡೆ ಬೋರ್‌ವೆಲ್ ಪಕ್ಕದ ನೆಲಕ್ಕೇ.

ಹಾಗಾಗಿ ಹೊಸಬರನ್ನು ನಾನು ಮೊದಲ ದಿನ ಟ್ಯಾಂಕ್ ನೋಡಲು ಕಳಿಸುವುದಿಲ್ಲ. ಊರಿಗೆ ನೀರು ಬಿಡುವ ನೀರುಗಂಟಿಯ ಹಿಂದೆ ನಡೆಯಿರಿ ಅನ್ನುತ್ತೇನೆ. ಯಾವ ಬೀದಿಯಲ್ಲಿ ಮೊದಲ ನೀರು ಕಪ್ಪಗೆ ಬರುತ್ತದೆ, ಯಾವ ಜಾಯಿಂಟ್ ಯಾವಾಗ ಕಿತ್ತುಬಂತು, ಎಲ್ಲ ಅವರ ತಲೆಯಲ್ಲಿರುತ್ತದೆ. ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕಿದ ದಾಖಲೆ ಪುಸ್ತಕದಲ್ಲಿ ಇದ್ದೇ ಇರುತ್ತದೆ. ಕೊನೆಯ ಮನೆಯ ನಲ್ಲಿಯಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿದೆಯಾ, ಅದನ್ನು ನೋಡಿ. ಮತ್ತೆ ನೀರುಗಂಟಿಗೆ ಸಂಬಳ ಸರಿಯಾಗಿ ಬರುತ್ತಿದೆಯಾ ಅಂತಲೂ ಕೇಳಿ. ಯೋಜನೆ ನಡೆಸುವವರ ಕೆಲಸದಲ್ಲಿ ಇದು ಜಾಸ್ತಿ ಮುಖ್ಯ, ವರದಿಯಲ್ಲಿ ಮಾತ್ರ ಇದಕ್ಕೆ ಕಾಲಂ ಇರುವುದಿಲ್ಲ.

ಹಿರಿಯೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಈಗ ಪೈಪನ್ನು ಚರಂಡಿಯಿಂದ ಹೊರಗೆ ತರುತ್ತಿದ್ದೇವೆ. ಒಂದು ಬೀದಿ ಬಾಕಿ ಇದೆ. ಅಲ್ಲಿ ಪೈಪು, ಚರಂಡಿ ಎರಡೂ ಒಬ್ಬರ ಮನೆ ಮುಂದಿನ ಕಟ್ಟೆಯ ಕೆಳಗೆ ಸೇರಿಕೊಂಡಿವೆ. "ಮಗಳ ಮದುವೆ ಮುಗೀಲಿ ಸಾರ್, ಆಮೇಲೆ ಒಡೀರಿ" ಅಂದಿದ್ದಾರೆ. ಅಲ್ಲಿಯವರೆಗೆ ಆ ಬೀದಿಯವರಿಗೆ ಮೊದಲು ಬರುವ ನೀರನ್ನು ಬಿಟ್ಟು, ಆಮೇಲೆ ಹಿಡಿದದ್ದನ್ನು ಕುದಿಸಿ ಕುಡಿಯಿರಿ ಅಂತ ಹೇಳಿದ್ದೇವೆ.