ಎರಡು ನೀಲಿ, ಎರಡು ಹಸಿರು

ನನ್ನ ಜಲವರ್ಣದ ಪ್ಯಾಲೆಟ್‌ನಲ್ಲಿ ಹನ್ನೆರಡು ಗುಳಿಗಳಿವೆ. ದಿನಾ ಬ್ರಷ್ ತಾಗುವುದು ನಾಲ್ಕಕ್ಕೆ ಮಾತ್ರ: ನೀಲಿಯಲ್ಲಿ ಅಲ್ಟ್ರಾಮರೀನ್, ಪ್ರಶಿಯನ್ ಬ್ಲೂ; ಹಸಿರಿನಲ್ಲಿ ವಿರಿಡಿಯನ್, ಥ್ಯಾಲೊ ಗ್ರೀನ್. ಮೂಲೆಯಲ್ಲಿ ಒಂಚೂರು ಬರ್ಂಟ್ ಸಿಯೆನ್ನಾ ಎಂಬ ಕೆಂಗಂದು ಬಣ್ಣ ಇರುತ್ತದೆ, ಎಲೆಯ ತುದಿಗೆ ಉಪ್ಪಿನಕಾಯಿ ಬಡಿಸಿದ ಹಾಗೆ. ಕೆಂಪು, ಹಳದಿ ಟ್ಯೂಬುಗಳ ಮುಚ್ಚಳ ಒಣಗಿ ಅಂಟಿಕೊಂಡು ಎಷ್ಟು ಕಾಲವಾಯಿತೋ.

ಮಾಡುವ ಕೆಲಸ ದೊಡ್ಡದೇನಲ್ಲ. 300 ಜಿಎಸ್‌ಎಂನ ದಪ್ಪ ಕಾಗದವನ್ನು ಪೋಸ್ಟ್‌ಕಾರ್ಡ್ ಅಳತೆಗೆ ಕತ್ತರಿಸಿಟ್ಟಿರುತ್ತೇನೆ. ಆಫೀಸಿನಿಂದ ಬಂದು, ಕುಕ್ಕರ್ ಒಲೆಗೇರಿಸಿ, ಒಂದು ತುಂಡನ್ನು ಹಲಗೆಗೆ ಟೇಪ್ ಹಚ್ಚಿ ಕೂರಿಸುತ್ತೇನೆ. ಅಗಲ ಬ್ರಷ್‌ನಲ್ಲಿ ನೀರು ಬಳಿದು ಒಂದು ನೀಲಿ, ಒಂದು ಹಸಿರು ಬಿಡುತ್ತೇನೆ. ಮರ ಇಲ್ಲ, ಮನೆ ಇಲ್ಲ, ದೋಣಿಯಂತೂ ಇಲ್ಲವೇ ಇಲ್ಲ. ಕುಕ್ಕರ್ ಕೂಗಿ ಮುಗಿಯುವಷ್ಟರಲ್ಲಿ ನನ್ನ ಪಾಲಿನ ಕೆಲಸ ಮುಗಿದಿರಬೇಕು. ಉಳಿದದ್ದು ನೀರಿನದು.

ಅಲ್ಟ್ರಾಮರೀನ್ ನನಗೆ ಯಾಕಿಷ್ಟು ಇಷ್ಟ ಅಂದರೆ, ಅದು ಕಾಗದದ ಮೇಲೆ ಒಂದೇ ಸಮ ಕೂರುವುದಿಲ್ಲ. ಒರಟು ಕಾಗದದ ಸಣ್ಣ ಸಣ್ಣ ತಗ್ಗುಗಳಿಗೆ ಅದರ ಕಣಗಳು ಇಳಿದು ನಿಲ್ಲುತ್ತವೆ. ಒಣಗಿದ ಮೇಲೆ ಹತ್ತಿರದಿಂದ ನೋಡಿದರೆ ನೀಲಿ ಮರಳು ಕಾಣುತ್ತದೆ. ಹಿಂದೆ ಈ ಬಣ್ಣ ಬರುತ್ತಿದ್ದದ್ದು ಅಫ್ಘಾನಿಸ್ತಾನದ ಬದಖ್ಶಾನ್‌ನ ಲ್ಯಾಪಿಸ್ ಲಾಜುಲಿ ಕಲ್ಲಿನಿಂದ. ಬೆಲೆ ಕೈಗೆಟುಕುತ್ತಿರಲಿಲ್ಲ. 1824ರಲ್ಲಿ ಫ್ರಾನ್ಸ್‌ನ ಒಂದು ಸಂಘ, ಇದನ್ನು ಅಗ್ಗವಾಗಿ ತಯಾರಿಸುವ ದಾರಿ ತೋರಿಸಿದವರಿಗೆ 6000 ಫ್ರಾಂಕ್ ಬಹುಮಾನ ಘೋಷಿಸಿತು. 1828ರಲ್ಲಿ ಅದು ಗಿಮೇ ಎಂಬಾತನಿಗೆ ಸಿಕ್ಕಿತು. ಮುಂದೆ ಆ ಬಣ್ಣ ಎಷ್ಟು ಅಗ್ಗವಾಯಿತೆಂದರೆ ಬಟ್ಟೆ ಒಗೆಯುವ ಬಕೆಟ್‌ಗೇ ಬಂತು. ಅಜ್ಜಿ ಬಿಳಿ ಪಂಚೆಗಳಿಗೆ ಕಲಸುತ್ತಿದ್ದ ರಾಬಿನ್ ನೀಲಿ ಪುಡಿ ಇದೇ ಅಲ್ಟ್ರಾಮರೀನ್. ರಾಜರ ಕಾಲದ ಬಣ್ಣ ನಮ್ಮ ಬಚ್ಚಲಿನಲ್ಲಿತ್ತು, ಅಲ್ವಾ!

ಪ್ರಶಿಯನ್ ಬ್ಲೂ ಸ್ವಭಾವವೇ ಬೇರೆ. ಹದಿನೆಂಟನೇ ಶತಮಾನದ ಶುರುವಿನಲ್ಲಿ ಬರ್ಲಿನ್‌ನಲ್ಲಿ ಯಾರೋ ಕೆಂಪು ಮಾಡಲು ಹೋಗಿ ಇದು ಹುಟ್ಟಿತಂತೆ. ಹಸಿಯಿದ್ದಾಗ ಮಳೆಮೋಡದಷ್ಟು ಕಪ್ಪು, ಒಣಗಿದಾಗ ಒಂದು ಪಾಲು ತಿಳಿ. ಅದಕ್ಕೇ ಇದನ್ನು ಹಾಕುವಾಗ ಸ್ವಲ್ಪ ಧಾರಾಳವಾಗಿಯೇ ಹಾಕುತ್ತೇನೆ.

ಹಸಿರಿನಲ್ಲಿ ವಿರಿಡಿಯನ್ ಸಾಧು. ಒಣಗಿದ ಮೇಲೂ ಒದ್ದೆ ಬ್ರಷ್ ಆಡಿಸಿದರೆ ಮೇಲೆದ್ದು ಬರುತ್ತದೆ, ಬೆಳಕಿನ ಗೆರೆ ಬೇಕೆಂದರೆ ಹಾಗೇ ತೆಗೆಯಬಹುದು. ಥ್ಯಾಲೊ ಗ್ರೀನ್ ಹಾಗಲ್ಲ. ಸಾಸಿವೆಕಾಳಿನಷ್ಟು ತೆಗೆದುಕೊಂಡರೂ ಇಡೀ ಕಾಗದ ತನ್ನದು ಅನ್ನುತ್ತದೆ, ಒಮ್ಮೆ ಹಿಡಿಯಿತೆಂದರೆ ಬಿಡುವುದಿಲ್ಲ. ಅದರ ಬಾಯಿ ಮುಚ್ಚಿಸಲಿಕ್ಕೇ ಆ ಬರ್ಂಟ್ ಸಿಯೆನ್ನಾ. ಒಂದು ಹನಿ ಸೇರಿಸಿದರೆ ಪ್ಲಾಸ್ಟಿಕ್ ಹಸಿರು ಹೋಗಿ, ಮಳೆ ನಿಂತ ಮೇಲಿನ ಪಾಗಾರದ ಪಾಚಿ ಹಸಿರು ಬರುತ್ತದೆ.

ಮೈಸೂರಿನಲ್ಲಿದ್ದಾಗ ಈ ಆಟಕ್ಕೆ ಸಮಯವೇ ಸಿಗುತ್ತಿರಲಿಲ್ಲ. ಮಾರ್ಚ್‌ನಲ್ಲಿ ಫ್ಯಾನ್ ಕೆಳಗೆ ಕೂತರೆ ಎರಡನೇ ಬಣ್ಣ ಅದ್ದುವುದರೊಳಗೆ ಮೊದಲನೆಯದು ಒಣಗಿ ಗೆರೆ ಕಟ್ಟುತ್ತಿತ್ತು. ವರ್ಗವಾಗಿ ಉಡುಪಿಗೆ ಬಂದ ಮೇಲೆ ಉಲ್ಟಾ. ಜುಲೈಯಲ್ಲಿ ಕಾಗದ ಒಣಗುವುದೇ ಇಲ್ಲ. ನೀಲಿ ನಿಧಾನವಾಗಿ ಹಸಿರಿನೊಳಗೆ ನಡೆದುಕೊಂಡು ಹೋಗುತ್ತದೆ, ಕಣಗಳು ಆರಾಮವಾಗಿ ತಗ್ಗು ಹುಡುಕಿಕೊಳ್ಳುತ್ತವೆ. ನನ್ನ ಒಳ್ಳೆಯ ಕಾರ್ಡುಗಳೆಲ್ಲ ಮಳೆಗಾಲದವೇ. ತೊಂದರೆಯೂ ಇದೆ. ಕಾಗದವನ್ನು ಪ್ಲಾಸ್ಟಿಕ್ ಕವರಿನಲ್ಲಿ ಗಟ್ಟಿಯಾಗಿ ಮುಚ್ಚಿಡದಿದ್ದರೆ ಅದಕ್ಕೆ ಬಳಿದ ಅಂಟು ಹಾಳಾಗಿ, ಬಣ್ಣ ಅಲ್ಲಲ್ಲಿ ಮಚ್ಚೆಯಂತೆ ಇಂಗಿಬಿಡುತ್ತದೆ. ಹಸಿ ಬಣ್ಣದ ಮೇಲೆ ಉಪ್ಪು ಉದುರಿಸಿ ಚುಕ್ಕಿ ಮೂಡಿಸುವ ಉಪಾಯವೂ ಇಲ್ಲಿ ನಡೆಯುವುದಿಲ್ಲ. ಉಪ್ಪೇ ಒದ್ದೆ, ಅದು ಇನ್ನೆಲ್ಲಿ ನೀರು ಹೀರುತ್ತದೆ?

ಕಷ್ಟ ಇರುವುದು ನಿಲ್ಲಿಸುವುದರಲ್ಲಿ. ಅರ್ಧ ಒಣಗಿದ ಬಣ್ಣಕ್ಕೆ ಒಂದು ಹನಿ ನೀರು ಬಿದ್ದರೆ ಅದು ಸುತ್ತಲ ಬಣ್ಣವನ್ನು ತಳ್ಳಿಕೊಂಡು ಹೋಗಿ ಅಂಕುಡೊಂಕು ಅಂಚು ಕಟ್ಟುತ್ತದೆ. ವಾಶ್, ಅಂದರೆ ನೀರಿನಲ್ಲಿ ತೆಳುವಾಗಿ ಹರಡಿದ ಬಣ್ಣ, ಸಮನಾಗಿ ಬರಬೇಕು ಅನ್ನುವವರಿಗೆ ಅದು ದೋಷ. ನಾನು ಬೇಕಂತಲೇ ಬೀಳಿಸುತ್ತೇನೆ. ಒಂದು ಬಿದ್ದರೆ ಚೆಂದ, ಎರಡು ಬಿದ್ದರೂ ಪರವಾಗಿಲ್ಲ. ಮೂರನೆಯದಕ್ಕೆ ಕೈ ತುರಿಸುತ್ತದೆ ನೋಡಿ, ಆಗ ಎದ್ದು ಅಡುಗೆಮನೆಗೆ ಹೋಗುವುದೇ ವಾಸಿ.

ಪಕ್ಕದ ಮನೆಯ ಅಮ್ಮ ಮೊದಲು ನೋಡಿದಾಗ, “ಬಣ್ಣ ಚೆಲ್ಲಿತಾ ಮಾರಾಯ್ತಿ?” ಅಂದರು. ಅಕ್ಕನ ಮಗ ರಜೆಗೆ ಬಂದವನು ಒಂದೊಂದನ್ನೂ ತಿರುಗಿಸಿ ನೋಡಿ, “ಚಿಕ್ಕಮ್ಮ, ಇದು ಸಮುದ್ರಾನಾ, ಕಾಡಾ?” ಅಂದ. ನಿನಗೇನು ಕಾಣುತ್ತೋ ಅದೇ ಅಂದೆ. ಅವನಿಗೆ ಡೈನೋಸಾರ್ ಕಂಡಿತು. ಆದರೆ ಟೇಪ್ ಕಿತ್ತು, ಸುತ್ತ ನೇರ ಬಿಳಿ ಅಂಚು ಮೂಡಿದ ಕೂಡಲೇ ಇಬ್ಬರೂ ಅದನ್ನು ಚಿತ್ರ ಅಂತ ಒಪ್ಪಿಕೊಂಡರು. ಅರ್ಧ ಮರ್ಯಾದೆ ಟೇಪಿನದ್ದೇ.

ಕೆಟ್ಟು ಹೋದವನ್ನು ಬಿಸಾಡುವುದಿಲ್ಲ. ಎರಡು ಬೆರಳಗಲದ ಪಟ್ಟಿಗಳಾಗಿ ಕತ್ತರಿಸಿದರೆ ಪ್ರತಿಯೊಂದರಲ್ಲೂ ಎಲ್ಲೋ ಒಂದು ಕಡೆ ಚೆಂದದ ತುಣುಕು ಸಿಕ್ಕೇ ಸಿಗುತ್ತದೆ. ಪುಸ್ತಕದೊಳಗೆ ಗುರುತಿಗೆ ಇಡಲು ಅಷ್ಟು ಸಾಕು. ಸುಮಾರು ಪಟ್ಟಿಗಳು ಲೈಬ್ರರಿ ಪುಸ್ತಕಗಳ ಜೊತೆ ವಾಪಸ್ ಹೋಗಿಬಿಟ್ಟಿವೆ. ಉಡುಪಿಯಲ್ಲಿ ಯಾರಿಗಾದರೂ ನೀಲಿ-ಹಸಿರು ಪಟ್ಟಿ ಸಿಕ್ಕಿದ್ದರೆ, ಇಟ್ಟುಕೊಳ್ಳಿ.