ಗುಂಡಿ ಎಲ್ಲಿ, ಭಾವ?

ಮೈಸೂರಿನ ನಮ್ಮ ಮನೆ ಮುಂದೆ ಪಿಕಪ್ಪಿನ ಡ್ರೈವರ್ ಸೀಟಿನಲ್ಲಿ ಕೂತು ಭಾವಮೈದ ಕೇಳಿದ ಮೊದಲ ಪ್ರಶ್ನೆ ಅದು. ‘ನಂಜನಗೂಡು ದಾಟಲಿ, ಬೇಕಾದಷ್ಟು ಸಿಗ್ತವೆ’ ಅಂದೆ. ಅವನು ನಗಲಿಲ್ಲ. ಗೇರ್ ಲಿವರ್‌ನ ಸುತ್ತ ಬೆರಳಾಡಿಸುತ್ತಲೇ ಇದ್ದ. ಡೆನ್ವರ್‌ನಲ್ಲಿ ಹನ್ನೆರಡು ವರ್ಷ ಇದ್ದವನು. ಅಲ್ಲಿ ಅವನ ಟ್ರಕ್ಕಿನ ಲಿವರ್ ತುದಿಯಲ್ಲೇ ಒಂದು ಗುಂಡಿ ಇದೆಯಂತೆ, ಹೆಸರು ಟೋ-ಹಾಲ್. ಹಿಂದೆ ಕ್ಯಾಂಪರ್, ಅಂದರೆ ಗಾಡಿ ಎಳೆದೊಯ್ಯುವ ಚಕ್ರದ ಮನೆ, ಕಟ್ಟಿದ ಕೂಡಲೇ ಅದನ್ನು ಒತ್ತುವುದು, ನಮ್ಮಲ್ಲಿ ಗಾಡಿ ತೆಗೆಯುವ ಮುಂಚೆ ನಿಂಬೆಹಣ್ಣು ಇಟ್ಟ ಹಾಗೆ, ಅವನಿಗೆ ಅಭ್ಯಾಸ.

ನಮ್ಮ ಪಿಕಪ್ಪು ಡೀಸೆಲ್, ಆರು ಗೇರಿನ ಆಟೊಮ್ಯಾಟಿಕ್. ಅದರಲ್ಲಿ ಆ ಗುಂಡಿ ಇಲ್ಲ. ಲಿವರನ್ನು, ಗಾಡಿಯೇ ಗೇರ್ ಆರಿಸಿಕೊಳ್ಳುವ ‘ಡಿ’ಯಿಂದ ಪಕ್ಕಕ್ಕೆ ತಳ್ಳಿದರೆ ನಾವೇ ಗೇರ್ ಆರಿಸಬಹುದು, ಅಷ್ಟೆ. ಹಿಂದೆ ಕಟ್ಟಿದ ಕ್ಯಾಂಪರ್ ಪರಿಚಯದ ವರ್ಕ್‌ಶಾಪಿನಲ್ಲಿ ಮಾಡಿಸಿದ್ದು: ಒಂದೇ ಆಕ್ಸಲ್, ಎರಡು ಮಂಚ, ಒಂದು ಸಿಂಕು, ಪುಟ್ಟ ಫ್ರಿಜ್ಜು. ನೀರು, ಗ್ಯಾಸು, ಹೆಂಡತಿ ತುಂಬಿದ ಪಾತ್ರೆ ಎಲ್ಲ ಸೇರಿ ವೇಬ್ರಿಜ್‌ನಲ್ಲಿ 1,150 ಕಿಲೋ ತೂಗಿತು. ಮೂತಿ ಭಾರ, ಅಂದರೆ ಕ್ಯಾಂಪರಿನ ಮುಂತುದಿ ಪಿಕಪ್ಪಿನ ಹಿಂದಿನ ಕೊಂಡಿಯ (ಹಿಚ್ಚಿನ) ಮೇಲೆ ಕೂರಿಸುವ ಭಾರ, ಒಟ್ಟು ತೂಕದ ಶೇ. 10ರಿಂದ 15 ಇರಬೇಕು ಅನ್ನುವುದು ಅಮೆರಿಕದ ಲೆಕ್ಕ. ಕಡಿಮೆಯಾದರೆ ಕ್ಯಾಂಪರು ಬಾಲ ಆಡಿಸುತ್ತದೆ. ಬಚ್ಚಲಮನೆಯ ತೂಕದ ಯಂತ್ರದ ಮೇಲೆ ಮರದ ತುಂಡು ನಿಲ್ಲಿಸಿ ಅಳೆದು, ನೀರಿನ ಕ್ಯಾನುಗಳನ್ನು ಮುಂದಕ್ಕೆ ಸರಿಸಿ, ಅಂತೂ 120 ಕಿಲೋ ಮಾಡಿಕೊಂಡೆವು.

ಚಾಮರಾಜನಗರದವರೆಗೆ ಹೇಳುವಂಥದ್ದೇನೂ ಆಗಲಿಲ್ಲ. ಅಲ್ಲಿಂದ ತಾಳವಾಡಿ ಕಡೆ ನೆಲ ಅಲೆಯಲೆಯಾಗಿ ಏಳುತ್ತದೆ, ಬೀಳುತ್ತದೆ. ಗೇರ್‌ಬಾಕ್ಸ್‌ನ ಪೀಕಲಾಟ ಶುರುವಾದದ್ದು ಅಲ್ಲಿ. ಚಿಕ್ಕ ಏರು ಬಂದರೆ ಐದನೇ ಗೇರು, ಏರು ಮುಗಿಯಿತು ಅನ್ನುವಷ್ಟರಲ್ಲಿ ಆರು, ಮತ್ತೆ ಉಸಿರು ಕಟ್ಟಿ ಐದು. ಸೀರೆ ಅಂಗಡಿಯಲ್ಲಿ ಕೂತವರ ಹಾಗೆ ಒಂದರ ಮೇಲೆ ಮನಸ್ಸು ನಿಲ್ಲುತ್ತಿರಲಿಲ್ಲ. ‘ಇದನ್ನೇ ನಾವು ಹಂಟಿಂಗ್ ಅನ್ನೋದು. ಗುಂಡಿ ಇರೋದು ಇದಕ್ಕೇ’ ಅಂದ ಭಾವಮೈದ.

ಅವನು ಬಿಡಿಸಿ ಹೇಳಿದ್ದು ಇಷ್ಟು. ಗುಂಡಿ ಒತ್ತಿದರೆ ಎಂಜಿನ್ನಿಗೆ ಹೊಸ ಶಕ್ತಿಯೇನೂ ಬರುವುದಿಲ್ಲ, ಎಳೆಯಬಹುದಾದ ತೂಕದ ಮಿತಿಯೂ ಏರುವುದಿಲ್ಲ. ಗೇರ್ ಯಾವಾಗ ಬದಲಾಗಬೇಕು ಅನ್ನುವ ಲೆಕ್ಕ ಮಾತ್ರ ಬದಲಾಗುತ್ತದೆ. ಕೆಳಗಿನ ಗೇರನ್ನು ಹೆಚ್ಚು ಹೊತ್ತು ಹಿಡಿಯುತ್ತದೆ, ಎಂಜಿನ್ ಇನ್ನಷ್ಟು ತಿರುಗಿದ ಮೇಲೇ ಮೇಲಿನ ಗೇರಿಗೆ ಹೋಗುತ್ತದೆ, ಏರು ಬಂದರೆ ಬೇಗ ಇಳಿಯುತ್ತದೆ. ಇಳಿಜಾರಿನಲ್ಲಿ ಬ್ರೇಕ್ ಮುಟ್ಟಿದರೆ ತಾನೇ ಗೇರ್ ಇಳಿಸಿ ಎಂಜಿನ್ನಿನಿಂದ ಗಾಡಿಯನ್ನು ಹಿಡಿಯುತ್ತದೆ. ಇದೆಲ್ಲ ಬಿಸಿ ತಪ್ಪಿಸಲು. ಆಟೊಮ್ಯಾಟಿಕ್‌ನಲ್ಲಿ ಎಂಜಿನ್ನಿಗೂ ಗೇರಿಗೂ ನಡುವೆ ಕ್ಲಚ್ ಪ್ಲೇಟಿನ ಬದಲು ಟಾರ್ಕ್ ಕನ್ವರ್ಟರ್ ಇರುತ್ತದೆ. ಬಲ ದಾಟುವುದು ಎಣ್ಣೆಯ ಮೂಲಕ. ಭಾರ ಹೆಚ್ಚಿ ವೇಗ ತಗ್ಗಿದಾಗ ಒಳಗೆ ಎಣ್ಣೆಯನ್ನು ಮಜ್ಜಿಗೆ ಕಡೆದ ಹಾಗೆ ಕಡೆಯುತ್ತದೆ. ಇಲ್ಲಿ ಬೆಣ್ಣೆ ಬರುವುದಿಲ್ಲ, ಬಿಸಿ ಬರುತ್ತದೆ. ಗೇರ್ ಒಂದೇ ಕಡೆ ನಿಂತರೆ ಒಳಗಿನ ಲಾಕಪ್ ಕ್ಲಚ್ ಹಿಡಿದುಕೊಂಡು ಈ ಕಡೆಯುವಿಕೆ ನಿಲ್ಲುತ್ತದೆ.

ಗುಂಡಿ ಇಲ್ಲದ ನಾವು ಲಿವರ್ ಪಕ್ಕಕ್ಕೆ ತಳ್ಳಿ ನಾಲ್ಕಕ್ಕೆ ಕಟ್ಟಿಹಾಕಿದೆವು. ಡೀಸೆಲ್ ಒಂಚೂರು ಜಾಸ್ತಿ ಕುಡಿದಿರಬಹುದು, ಪೀಕಲಾಟ ನಿಂತಿತು.

ತಾಳವಾಡಿಯಲ್ಲಿ ಹೆಂಡತಿಯ ಚಿಕ್ಕಮ್ಮನ ಮನೆ. ಈರೋಡ್ ಜಿಲ್ಲೆ, ತಮಿಳುನಾಡಿನ ಬಸ್ಸು, ತಮಿಳು ಬೋರ್ಡು, ಮನೆಮನೆಯಲ್ಲಿ ಚಾಮರಾಜನಗರದ ಕನ್ನಡ. ರಾಜ್‌ಕುಮಾರ್ ಹುಟ್ಟಿದ ಗಾಜನೂರು ಇಲ್ಲೇ ಪಕ್ಕ. 2000ದ ಜುಲೈ 30ರ ರಾತ್ರಿ ವೀರಪ್ಪನ್ ಅವರನ್ನು ಕರೆದೊಯ್ದದ್ದು ಅಲ್ಲಿನ ಮನೆಯಿಂದಲೇ, ಬಿಟ್ಟದ್ದು 108 ದಿನದ ಮೇಲೆ. ದೀಪಾವಳಿ ಮುಗಿದ ಮೇಲೆ ಸಗಣಿಯಲ್ಲಿ ಹೊಡೆದಾಡುವ ಗೋರೆ ಹಬ್ಬದ ಗುಮಟಾಪುರವೂ ಈ ಸೀಮೆಯದೇ. ಹುಲಿ ಸಂರಕ್ಷಿತ ಕಾಡಿನೊಳಗೆ ಎಲ್ಲೆಂದರಲ್ಲಿ ಟೆಂಟು ಹಾಕುವ ಹಾಗಿಲ್ಲ. ಹಾಗಾಗಿ ನಮ್ಮ ‘ಕ್ಯಾಂಪಿಂಗ್’ ನಡೆದದ್ದು ಚಿಕ್ಕಮ್ಮನ ಹೊಲದ ಬದಿಯಲ್ಲಿ. ಮನೆಯಲ್ಲಿ ನಾಲ್ಕು ಹಾಸಿಗೆ ಖಾಲಿ ಇಟ್ಟುಕೊಂಡು ಡಬ್ಬದಲ್ಲಿ ಮಲಗುವ ನಮ್ಮನ್ನು ನೋಡಿ ಅವರಿಗೆ ಬೇಜಾರೂ ಆಯಿತು, ನಗೆಯೂ ಬಂತು.

ಮರುದಿನ ಬೆಳಿಗ್ಗೆ ಹೆದ್ದಾರಿಗೆ ಬಿದ್ದು ಹಾಸನೂರಿಗೆ ಬಂದೆವು. ಟೀ ಅಂಗಡಿ ಮುಂದೆ ಎಲೆಕೋಸು ತುಂಬಿದ ಲಾರಿ ನಿಂತಿತ್ತು. ಅದರ ಡ್ರೈವರ್ ಗ್ಲಾಸು ಹಿಡಿದುಕೊಂಡೇ ನಮ್ಮ ಕ್ಯಾಂಪರಿಗೆ ಒಂದು ಸುತ್ತು ಬಂದರು, ಹಿಚ್ಚು ನೋಡಿದರು, ಬಗ್ಗಿ ಚಕ್ರ ನೋಡಿದರು. ಇದೇ ರಸ್ತೆಯ ಕಾರಪಳ್ಳಂ ಚೆಕ್‌ಪೋಸ್ಟಿನ ಆಸುಪಾಸು ಕಬ್ಬಿನ ಲಾರಿಗೆ ಕಾದು ನಿಲ್ಲುವ ಆನೆಗಳ ಸುದ್ದಿ ಹೇಳಿ, ‘ನಿಮ್ದರಲ್ಲಿ ಕಬ್ಬಿಲ್ಲ ತಾನೆ?’ ಅಂತ ಕೇಳಿದರು. ಆಮೇಲೆ ಮುಂದಿನ ದಿಂಬಂ ಘಾಟಿ ಇಳಿಯುವ ಮಾತು.

‘ಹತ್ತೋ ಗೇರಲ್ಲೇ ಇಳೀಬೇಕು ಸಾ. ಬ್ರೇಕ್ ಇರೋದು ನಿಲ್ಸಕ್ಕೆ, ಇಳ್ಸಕ್ಕಲ್ಲ. ಡೀಸೆಲ್ ಉಳಿಸ್ತೀನಿ ಅಂತ ನ್ಯೂಟ್ರಲ್ ಮಾಡ್ಕಂಡು ಬುಟ್ಟವ್ರ ಗಾಡಿ ಎಷ್ಟು ಎತ್ತಿವ್ನಿ ಕೆಳಗಿಂದ.’

ಭಾವಮೈದ ನನ್ನ ಕಡೆ ನೋಡಿದ. ಅವನ ಕೊಲರಾಡೊದಲ್ಲಿ ಐಸೆನ್‌ಹೋವರ್ ಸುರಂಗ ದಾಟಿ ಪಶ್ಚಿಮಕ್ಕೆ, ಸಿಲ್ವರ್‌ಥಾರ್ನ್ ಕಡೆ ಇಳಿಯುವಾಗ ನೂರಕ್ಕೆ ಏಳರ ಇಳಿಜಾರು; ಬ್ರೇಕ್ ಸೋತ ಲಾರಿ ನುಗ್ಗಿ ನಿಲ್ಲಲೆಂದು ಪಕ್ಕದಲ್ಲಿ ಜಲ್ಲಿ ತುಂಬಿದ ದಾರಿ ಮಾಡಿಟ್ಟಿದ್ದಾರೆ. ಟೋ-ಹಾಲ್‌ನ ಕೈಪಿಡಿ ಪುಟಗಟ್ಟಲೆ ಹೇಳುವುದನ್ನು ಈ ಲಾರಿಯವರು ಟೀ ಆರುವ ಮೊದಲೇ ಹೇಳಿ ಮುಗಿಸಿದ್ದರು.

ದಿಂಬಂ ಘಾಟಿಗೆ 27 ಹೇರ್‌ಪಿನ್ ತಿರುವು. ಮೇಲಿಂದ ಘಾಟಿಯ ಬುಡದ ಬಣ್ಣಾರಿಗೆ ಮುಕ್ಕಾಲು ಕಿಲೋಮೀಟರಿನಷ್ಟು ಎತ್ತರ ಕಳೆದುಕೊಳ್ಳಬೇಕು. ಪಿಕಪ್ಪು, ಕ್ಯಾಂಪರು, ನಾವು ಸೇರಿ 3,200 ಕಿಲೋ ಹತ್ತಿರ. ಎಲ್ಲವನ್ನೂ ಬ್ರೇಕಿನಿಂದಲೇ ಇಳಿಸಿದರೆ ಹುಟ್ಟುವ ಶಾಖದಲ್ಲಿ ಸುಮಾರು 75 ಲೀಟರ್ ತಣ್ಣೀರು ಕುದಿಯುತ್ತದೆ. ಬಚ್ಚಲಿನ ದೊಡ್ಡ ಹಂಡೆಯ ನೀರೆಲ್ಲ ಕುದಿಸುವಷ್ಟು ಬೆಂಕಿಯನ್ನು ಅಂಗೈಯಗಲದ ಬ್ರೇಕ್ ಪ್ಯಾಡುಗಳು ನುಂಗಬೇಕು. ಎರಡನೇ ಗೇರಿಗೆ ಹಾಕಿದೆ. ಎಂಜಿನ್ ಗೊಣಗುತ್ತಾ ಹಿಡಿದುಕೊಂಡಿತು. ಮೊದಲ ಏಳೆಂಟು ತಿರುವು ಬ್ರೇಕ್ ತಿರುವಿನ ಬಾಯಲ್ಲಿ ಮಾತ್ರ. ಅಗಲವಾಗಿ ಹೊರಗೆ ತಂದು ತಿರುಗಿಸಿದರೂ ಕ್ಯಾಂಪರು ಒಳಗಡೆಯ ಕಲ್ಲನ್ನೇ ಸವರಲು ನೋಡುತ್ತಿತ್ತು.

ಒಂದು ತಿರುವಿನಲ್ಲಿ ಎದುರಿಗೆ ಬಸ್ಸು. ಹತ್ತುವವರಿಗೆ ದಾರಿ ಬಿಡಬೇಕು, ಅದು ಘಾಟಿಯ ಧರ್ಮ. ನಿಲ್ಲಿಸಿ ‘ಪಿ’ಗೆ ಹಾಕಿದೆ. ಬಸ್ಸಿನ ಹಿಂದೆ ಎರಡು ಲಾರಿ, ಅದರ ಹಿಂದೆ ಇನ್ನೊಂದು. ಎಲ್ಲ ಹೋದ ಮೇಲೆ ‘ಡಿ’ಗೆ ಎಳೆದು ಹೊರಟೆ. ಪಕ್ಕಕ್ಕೆ ತಳ್ಳುವುದು ಮರೆತೇಹೋಯಿತು. ಆಕ್ಸಲರೇಟರ್ ಬಿಟ್ಟ ಕಾಲಿಗೆ ಗೇರ್‌ಬಾಕ್ಸು ‘ಸರಿ, ಆರಾಮವಾಗಿ ಹೋಗೋಣ’ ಅಂದುಕೊಂಡು ಮೂರು, ನಾಲ್ಕು ಅಂತ ಏರಿಕೊಂಡಿತು. ನಾನು ಬ್ರೇಕ್ ಒತ್ತುತ್ತಾ ಹೋದೆ. ಮೂರು ತಿರುವು ಕಳೆದ ಮೇಲೆ ಹೆಂಡತಿ ಕೇಳಿದಳು, ‘ಏನೋ ಕೂದಲು ಸುಟ್ಟ ವಾಸನೆ ಅಲ್ವಾ?’

ಅಗಲವಿದ್ದ ಕಡೆ ನಿಲ್ಲಿಸಿದೆವು. ಪಿಕಪ್ಪಿಗಿಂತ ಕ್ಯಾಂಪರಿನ ಚಕ್ರಗಳೇ ಹೆಚ್ಚು ಕಾದಿದ್ದವು. ಅದರದು ಓವರ್‌ರನ್ ಬ್ರೇಕು: ಕ್ಯಾಂಪರು ಹಿಂದಿನಿಂದ ದೂಡಿದಾಗ ಹಿಚ್ಚಿನ ರಾಡು ಒಳಗೆ ಸರಿದು ತಾನೇ ಬ್ರೇಕ್ ಹಿಡಿಯುತ್ತದೆ. ಇಳಿಜಾರಿನುದ್ದಕ್ಕೂ ದೂಡುತ್ತಲೇ ಇದ್ದರೆ ಹಿಡಿದೇ ಇರುತ್ತದೆ. ಎಂಜಿನ್ನಿನಿಂದ ಹಿಡಿದರೂ ಇದು ಪೂರ್ತಿ ತಪ್ಪುವುದಿಲ್ಲ, ಮೆಲ್ಲಗೆ ಹೋಗುವುದೊಂದೇ ದಾರಿ. ಹೆಂಡತಿ ನೀರಿನ ಕ್ಯಾನು ತೆಗೆದಳು. ‘ಅಕ್ಕಾ, ಬೇಡ!’ ಅಂತ ಭಾವಮೈದ ಕಿರುಚಿದ. ಕೆಂಡವಾಗಿರುವ ಬ್ರೇಕ್ ಡ್ರಮ್ಮಿನ ಮೇಲೆ ತಣ್ಣೀರು ಬಿದ್ದರೆ ಅದು ಬಿರುಕು ಬಿಡಬಹುದು. ಇಪ್ಪತ್ತು ನಿಮಿಷ ಗಾಡಿಯೊಳಗೇ ಕೂತೆವು. ಒಂದು ಮಂಗ ಬಾನೆಟ್ಟಿನ ಮೇಲೆ ಕೂತು ನಮ್ಮನ್ನು ಕಾಯಿತು.

ಆಗ ನಾನು ಒಪ್ಪಿಕೊಂಡೆ. ಗುಂಡಿಯ ಕೆಲಸವನ್ನು ಕೈಯಲ್ಲೂ ಮಾಡಬಹುದು, ನಮ್ಮ ಲಾರಿಯವರು ಮಾಡಿಕೊಂಡೇ ಬಂದಿದ್ದಾರೆ. ಆದರೆ ಗುಂಡಿ ನನ್ನ ಹಾಗೆ ಬಸ್ಸು ನೋಡುತ್ತಾ ಮೈಮರೆಯುವುದಿಲ್ಲ. ಭಾವಮೈದ ಸುಮ್ಮನೆ ಗೆಲ್ಲಬಹುದಿತ್ತು, ಪ್ರಾಮಾಣಿಕ ಮನುಷ್ಯ: ಎಷ್ಟೋ ಟ್ರಕ್ಕುಗಳಲ್ಲಿ ಎಂಜಿನ್ ಆರಿಸಿದರೆ ಆ ಗುಂಡಿಯೂ ಆರಿಹೋಗುತ್ತದೆ, ಕಾಫಿಗೆ ನಿಲ್ಲಿಸಿ ಮತ್ತೆ ಒತ್ತಲು ಮರೆತು ತಾನೂ ಒಮ್ಮೆ ಹೀಗೇ ವಾಸನೆ ನೋಡಿದ್ದೆ ಅಂದ. ಹಿಮ ಬಿದ್ದು ರಸ್ತೆ ಜಾರುವಾಗ ಒತ್ತಲೂಬಾರದಂತೆ; ಗೇರ್ ತಟಕ್ಕನೆ ಇಳಿದರೆ ಹಿಂದಿನ ಚಕ್ರ ಹಿಡಿತ ಬಿಡುತ್ತದೆ. ಮೆಡಿಕಲ್ ಕಿಟ್ಟಿನಿಂದ ಒಂದು ಪ್ಲಾಸ್ಟರ್ ತೆಗೆದು, ಬಾಲ್‌ಪೆನ್ನಿನಲ್ಲಿ ‘2’ ಅಂತ ಬರೆದು, ಲಿವರ್‌ನ ನೆತ್ತಿಗೆ ಅಂಟಿಸಿದ.

ಬಣ್ಣಾರಿಯಲ್ಲಿ ಅಮ್ಮನ ದರ್ಶನ. ಅಲ್ಲಿ ವಿಭೂತಿ ಅಂತ ಕೊಡುವುದು ಹುತ್ತದ ಮಣ್ಣು. ಹೆಂಡತಿ ಅದನ್ನು ಮೊದಲು ಹಚ್ಚಿದ್ದು ಕ್ಯಾಂಪರಿನ ಮೂತಿಗೆ. ಭವಾನಿಸಾಗರಕ್ಕೂ ಹೋಗಿಬಂದೆವು, 1955ರಲ್ಲಿ ಮುಗಿದ ಮಣ್ಣಿನ ಅಣೆಕಟ್ಟು, ಏರಿ ನೋಡಿದಷ್ಟೂ ಮುಗಿಯುವುದಿಲ್ಲ. ಮೀನು ಚೆನ್ನಾಗಿತ್ತು. ಘಾಟಿಯಲ್ಲಿ ರಾತ್ರಿ ಸಂಚಾರಕ್ಕೆ 2022ರ ಫೆಬ್ರವರಿಯಿಂದ ಕೋರ್ಟಿನ ನಿರ್ಬಂಧವಿದೆ. ಮೂರು ಗಂಟೆಗೇ ಹಿಂದಿರುಗಿದೆವು.

ಹತ್ತುವಾಗ ಭಾವಮೈದ ಗಾಡಿಗೊಂದು ಚಿಕ್ಕ ಸ್ಕ್ಯಾನರ್ ಸಿಕ್ಕಿಸಿ ಗೇರ್ ಎಣ್ಣೆಯ ಬಿಸಿ ಮೊಬೈಲಿನಲ್ಲಿ ಕಾಣುವ ಹಾಗೆ ಮಾಡಿದ. ಮೊಬೈಲು ಹೆಂಡತಿಯ ಕೈಯಲ್ಲಿ. ಬೇಕೆಂದೇ ಮೊದಲ ಐದು ತಿರುವು ‘ಡಿ’ಯಲ್ಲೇ ಹತ್ತಿಸಿದೆವು. ಮಗುವಿನ ಜ್ವರ ನೋಡುವವಳ ಹಾಗೆ ಅವಳು ಓದುತ್ತಾ ಹೋದಳು: ‘ತೊಂಬತ್ನಾಲ್ಕು... ನೂರಾಮೂರು... ರೀ, ನೂರಾಒಂಬತ್ತು!’ 120 ದಾಟಿದರೆ ಎಣ್ಣೆಯ ಆಯುಸ್ಸು ಬೇಗ ಕರಗುತ್ತದೆ. ಎರಡಕ್ಕೆ ಹಾಕಿ, ನೇರ ಸಿಕ್ಕಲ್ಲಿ ಮೂರು ಮಾಡಿ, ಎಂಜಿನ್ ಕಿರುಚಿದರೂ ಕಿವಿಗೆ ಹಾಕಿಕೊಳ್ಳದೆ ಹತ್ತಿಸಿದೆ. ನೂರಾಒಂಬತ್ತು ಅಲ್ಲೇ ನಿಂತಿತು, ಆಮೇಲೆ ನೂರಾಐದು, ದಿಂಬಂ ತಲುಪುವಾಗ ನೂರಾಒಂದು. ನಡುವೆ ಒಂದು ಕಡೆ ಸಾಲು ನಿಂತಾಗ, ಗಾಡಿ ಹಿಂದೆ ಜಾರದಿರಲಿ ಅಂತ ಆಕ್ಸಲರೇಟರಿನಲ್ಲೇ ಹಿಡಿದಿದ್ದೆ. ಅರೆ ನಿಮಿಷಕ್ಕೆ ನಾಲ್ಕು ಡಿಗ್ರಿ ಏರಿತು. ಹ್ಯಾಂಡ್‌ಬ್ರೇಕ್ ಎಳೆದ ಮೇಲೆ ಇಳಿಯಿತು. ಎಣ್ಣೆ ಕಡೆಯುವುದು ಅಂದರೆ ಏನು ಅಂತ ಆ ನಾಲ್ಕು ಡಿಗ್ರಿಯಲ್ಲಿ ಕಣ್ಣಾರೆ ಕಂಡೆ.

ತಾಳವಾಡಿ ಸೇರುವಾಗ ದೀಪ ಹಚ್ಚುವ ಹೊತ್ತು. ಕ್ಯಾಂಪರನ್ನು ಹಿಂದಿನ ದಿನದ ಜಾಗದಲ್ಲೇ ನಿಲ್ಲಿಸಿದೆ. ಚಿಕ್ಕಮ್ಮ ಓಡಿಬಂದರು. ‘ಅಳಿಯಂದ್ರೇ, ನಾಳೆ ಅಲ್ಲಿ ರಾಗಿ ಒಕ್ಣೆ ಅದೆ. ವಸಿ ಹಿಂದಕ್ಕೆ ತಕ್ಕಳಿ.’

ಟ್ರೇಲರ್ ಹಿಂದಕ್ಕೆ ತೆಗೆಯುವುದು ಅಂದರೆ ಸ್ಟೇರಿಂಗ್ ಎಡಕ್ಕೆ ತಿರುಗಿಸಿದರೆ ಅದು ಬಲಕ್ಕೆ ಹೋಗುತ್ತದೆ. ಆರು ಸಲ ಪ್ರಯತ್ನಿಸಿದೆ. ಆರನೇ ಸಲ ಕ್ಯಾಂಪರು ಮಡಿಸಿದ ಚಾಕುವಿನ ಹಾಗೆ ಪಿಕಪ್ಪಿನ ಪಕ್ಕಕ್ಕೆ ಬಂದು ನಿಂತಿತು.

‘ಇದ್ಕೇನೂ ಗುಂಡಿ ಇಲ್ವಾ?’ ಚಿಕ್ಕಮ್ಮ ಕೇಳಿದರು. ಎರಡು ದಿನದಿಂದ ಅವರೂ ಕೇಳಿಸಿಕೊಂಡಿದ್ದರು.

‘ಅಲ್ಲಿ ಫೋರ್ಡಿನವರದ್ದರಲ್ಲಿ ಅದಕ್ಕೂ ಇದೆ’ ಅಂದ ಭಾವಮೈದ. ‘ಸಣ್ಣ ತಿರುಗಣೆ. ಯಾವ ಕಡೆ ತಿರುಗಿಸ್ತೀರೋ ಟ್ರೇಲರ್ ಆ ಕಡೆ ಹೋಗುತ್ತೆ.’

ನಾವು ಹಿಚ್ಚು ಕಳಚಿ, ಪಕ್ಕದ ಮನೆಯ ಇಬ್ಬರನ್ನು ಕರೆದು, ಐದು ಜನ ಸೇರಿ ಕೈಯಲ್ಲೇ ತಳ್ಳಿದೆವು.