ದೊಡ್ಡ ಲೇಯರ್ ಮೇಲೆ ಅನುಮಾನ, ಸಣ್ಣದರಲ್ಲಿ ತೊಂದರೆ

ಗೆಳೆಯನೊಬ್ಬ ತನ್ನ ಕ್ಯೂಜಿಐಎಸ್ (ಕಂಪ್ಯೂಟರಿನಲ್ಲಿ ನಕ್ಷೆ ಮಾಡುವ ತಂತ್ರಾಂಶ) ಪ್ರಾಜೆಕ್ಟನ್ನು ಫೋಲ್ಡರ್ ಸಮೇತ ನನಗೆ ಕಳಿಸಿದ್ದ. ನಕ್ಷೆಯನ್ನು ಒಂಚೂರು ಪಕ್ಕಕ್ಕೆ ಎಳೆದರೆ ಸಾಕು, ಪರದೆ ಹಾಗೇ ನಿಂತುಬಿಡುತ್ತಿತ್ತು. ಅದು ಪೂರ್ತಿ ಮೂಡುವವರೆಗೆ ಕೈಕಟ್ಟಿ ಕೂರಬೇಕು. "ಹೊಸ ಕಂಪ್ಯೂಟರ್ ತಗೊಳ್ಳೋದೇ ಸರಿ ಕಣೋ" ಎಂದ ಫೋನಿನಲ್ಲಿ. ನನ್ನ ಕಂಪ್ಯೂಟರಿನಲ್ಲೂ ಅದೇ ಪಾಡು. ಹಾಗಾದರೆ ತೊಂದರೆ ಪ್ರಾಜೆಕ್ಟ್ ಒಳಗೇ ಇದೆ, ಅಲ್ವಾ?

ಒಂದು ಸುಳಿವು ಬೇಗ ಸಿಕ್ಕಿತು. ಚೆನ್ನಾಗಿ ಝೂಮ್ ಮಾಡಿ ಒಂದು ಬೀದಿಗೆ ಇಳಿದರೆ ನಕ್ಷೆ ಚಕಚಕನೆ ಬರುತ್ತಿತ್ತು. ಹಿಂದಕ್ಕೆ ಬಂದು ಇಡೀ ಪ್ರದೇಶ ನೋಡಿದರೆ ಮಾತ್ರ ಒದ್ದಾಟ. ಪರದೆಯಲ್ಲಿ ಕಾಣುವಷ್ಟು ಜಾಗದ ಡೇಟಾವನ್ನಷ್ಟೇ ಕ್ಯೂಜಿಐಎಸ್ ಕೇಳುತ್ತದೆ. ಜಾಗ ದೊಡ್ಡದಾದಷ್ಟೂ ಅದಕ್ಕೆ ಕೆಲಸ ಜಾಸ್ತಿ. ನಕ್ಷೆ ಅಂದರೆ ಕಟ್ಟಡ, ಬಾವಿ ಹೀಗೆ ಒಂದೊಂದು ಬಗೆಯ ಡೇಟಾದ ಪದರಗಳು, ಅಂದರೆ ಲೇಯರ್‌ಗಳು, ಒಂದರ ಮೇಲೊಂದು. ಆದರೆ ಆ ಕೆಲಸ ಯಾವ ಲೇಯರಿನದು?

ಗೆಳೆಯನ ಅನುಮಾನವೆಲ್ಲ ಕಟ್ಟಡಗಳ ಲೇಯರ್ ಮೇಲೆ. ಅದೇ ಎಲ್ಲಕ್ಕಿಂತ ದೊಡ್ಡದು, ನೋಡಿದವರು ಯಾರಾದರೂ ಹಾಗೇ ಹೇಳುತ್ತಾರೆ. ನನಗೆ ಊಹೆಗಿಂತ ಅಳತೆ ಇಷ್ಟ. ಆಪ್ಷನ್ಸ್‌ನ ರೆಂಡರಿಂಗ್ ಪುಟದಲ್ಲಿ, ಡೀಬಗಿಂಗ್ ಎಂಬಲ್ಲಿ, ಮ್ಯಾಪ್ ಕ್ಯಾನ್ವಾಸ್ ರಿಫ್ರೆಶ್ ಅಂತ ಒಂದು ಟಿಕ್ ಇದೆ. ಅದನ್ನು ಹಾಕಿದರೆ ನಕ್ಷೆ ಬಿಡಿಸಲು ಎಷ್ಟು ಹೊತ್ತು ಹಿಡಿಯಿತು ಎಂಬುದು ಲಾಗ್ ಮೆಸೇಜಸ್ ಫಲಕದಲ್ಲಿ ಬರುತ್ತದೆ. ಇಷ್ಟು ಉಪಯೋಗದ ವಸ್ತು ಅಷ್ಟು ಒಳಗೆ ಅಡಗಿ ಕೂತಿರುವುದು ನನಗೆ ನಿಜಕ್ಕೂ ಬೇಜಾರು. ಆಮೇಲೆ ಕೆಳಪಟ್ಟಿಯ ರೆಂಡರ್ ಟಿಕ್ ತೆಗೆದೆ. ಅದನ್ನು ತೆಗೆದರೆ ನಾವು ಏನು ಬದಲಾಯಿಸಿದರೂ ನಕ್ಷೆ ಸುಮ್ನೆ ಮತ್ತೆ ಮತ್ತೆ ಬಿಡಿಸಿಕೊಳ್ಳುವುದಿಲ್ಲ. ಎಲ್ಲ ಲೇಯರ್ ಮುಚ್ಚಿ, ಒಂದೊಂದನ್ನೇ ತೆರೆದು, ರೆಂಡರ್ ಟಿಕ್ ಮತ್ತೆ ಹಾಕಿ, ಪ್ರತಿ ಸಲ ಅದೇ ಜಾಗ, ಅದೇ ಸ್ಕೇಲ್ ಇಟ್ಟುಕೊಂಡು ನೋಡಿದೆ.

ಕಟ್ಟಡಗಳ ಲೇಯರ್ ನಿಧಾನವೇ, ಸುಳ್ಳಲ್ಲ. ಅದು ಶೇಪ್‌ಫೈಲ್, ನಕ್ಷೆಯ ಡೇಟಾ ಇಡುವ ಒಂದು ಹಳೆಯ ಫೈಲ್ ಬಗೆ. ಯಾವ ಆಕಾರ ಎಲ್ಲಿದೆ ಎಂದು ತಟ್ಟನೆ ಹುಡುಕಿಕೊಡುವ ಸ್ಪೇಷಿಯಲ್ ಇಂಡೆಕ್ಸ್ ಅದಕ್ಕೆ ಇರಲಿಲ್ಲ. ಜಿಯೋಪ್ಯಾಕೇಜ್ ಎಂಬ ಹೊಸ ಬಗೆಯ ಫೈಲ್ ಆಗಿ ಉಳಿಸಿಕೊಂಡೆ, ಅಲ್ಲಿ ಇಂಡೆಕ್ಸ್ ಜೊತೆಗೇ ಬರುತ್ತದೆ. 1:10000ಕ್ಕಿಂತ ಹಿಂದೆ ಸರಿದರೆ ಕಟ್ಟಡಗಳು ಕಾಣದಂತೆ ಸ್ಕೇಲ್ ಮಿತಿಯನ್ನೂ ಹಾಕಿದೆ. ಆ ದೂರದಿಂದ ಅವು ಬರೀ ಬೂದು ಮಸಿ, ಯಾರೂ ಓದುವುದಿಲ್ಲ.

ಹಿನ್ನೆಲೆಯಲ್ಲಿದ್ದ ಭೂಮಿಯ ಏರಿಳಿತದ ರಾಸ್ಟರ್ (ಫೋಟೋದಂತೆ ಸಣ್ಣ ಚೌಕಗಳಿಂದಾದ) ಚಿತ್ರಕ್ಕೆ ಪಿರಮಿಡ್ ಇರಲಿಲ್ಲ. ಪಿರಮಿಡ್ ಅಂದರೆ ಅದೇ ಚಿತ್ರದ ಅರ್ಧ, ಕಾಲು, ಅರೆಕಾಲು ಅಳತೆಯ ಪ್ರತಿಗಳು. ಅವಿಲ್ಲದಿದ್ದರೆ ದೂರದಿಂದ ನೋಡುವಾಗಲೂ ಮೂಲ ಚಿತ್ರವನ್ನೇ ತಡಕಾಡಬೇಕು. ಕಂಪ್ರೆಸ್ ಮಾಡದ ಚಿತ್ರವಾದರೆ ಇವೆಲ್ಲ ಸೇರಿ ಮೂಲ ಗಾತ್ರದ ಮೂರನೇ ಒಂದು ಭಾಗದಷ್ಟು ಹೆಚ್ಚುವರಿ ಜಾಗ ತಿನ್ನುತ್ತವೆ, ಅಷ್ಟೇ. ಕಟ್ಟಿಟ್ಟೆ, ಹಿನ್ನೆಲೆ ಹಗುರಾಯಿತು.

ಇಷ್ಟಾದರೂ ನಕ್ಷೆ ಎಳೆದಾಗ ಇನ್ನೂ ತಡ. ಲಾಗ್ ನೋಡಿದರೆ ಬಾವಿಗಳ ಲೇಯರ್! ಬರೀ ಚುಕ್ಕೆಗಳು, ಕಟ್ಟಡಗಳ ಮುಂದೆ ಲೆಕ್ಕಕ್ಕೇ ಇಲ್ಲ. ಫೈಲ್ ಕೂಡ ಪುಟ್ಟದು. ಆದರೂ ಉಳಿದ ಎಲ್ಲವೂ ಸೇರಿ ತೆಗೆದುಕೊಳ್ಳುವುದಕ್ಕಿಂತ ಜಾಸ್ತಿ ಹೊತ್ತು ಅದೊಂದಕ್ಕೇ ಹೋಗುತ್ತಿತ್ತು. ಚುಕ್ಕೆಯ ಗುರುತು ಸರಳವಾದ ಒಂದು ವೃತ್ತ. ಲೇಬಲ್ ತೆಗೆದು ನೋಡಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಬಂತು.

ಲೇಬಲ್‌ನಲ್ಲಿ ಬಾವಿಯ ನಂಬರಿನ ಜೊತೆ ಅದು ಯಾವ ವಲಯದಲ್ಲಿದೆ ಎಂಬ ಹೆಸರೂ ಬರುತ್ತಿತ್ತು. ಆ ಹೆಸರು ಬಾವಿಗಳ ಟೇಬಲ್‌ನಲ್ಲಿ ಇಲ್ಲ. ಅದನ್ನು ತರಲು ಗೆಳೆಯ ಅಗ್ರಿಗೇಟ್ ಫಂಕ್ಷನ್ ಬರೆದಿದ್ದ. ವಲಯಗಳ ಲೇಯರಿಗೆ ಹೋಗಿ, ಈ ಚುಕ್ಕೆಯನ್ನು ತಾಗುವ ವಲಯ ಯಾವುದು ಎಂದು ಹುಡುಕಿ, ಹೆಸರು ತಾ ಎಂದು ಅದರ ಅರ್ಥ. ಉತ್ತರ ಸರಿಯಾಗಿಯೇ ಬರುತ್ತದೆ, ಬರೆದ ರೀತಿಯೂ ಜಾಣತನದ್ದೇ. ಆದರೆ ಪ್ರತಿ ಚುಕ್ಕೆಗೂ ವಲಯಗಳ ಪಟ್ಟಿಯನ್ನು ಮೊದಲಿಂದ ಕೊನೆವರೆಗೆ ಹುಡುಕಬೇಕು. ನಕ್ಷೆಯನ್ನು ಎಳೆದರೆ ಮತ್ತೆ ಎಲ್ಲ ಚುಕ್ಕೆಗಳಿಗೂ ಅದೇ ಕೆಲಸ. ಮನೆಮನೆಗೆ ಪತ್ರ ಕೊಡುವವನು ಪ್ರತಿ ಪತ್ರಕ್ಕೂ ಬೀದಿಯ ಮೊದಲ ಮನೆಯಿಂದಲೇ ಹೊರಟ ಹಾಗೆ. ಝೂಮ್ ಮಾಡಿದಾಗ ಪರದೆಯಲ್ಲಿ ಚುಕ್ಕೆಗಳೇ ಕಡಿಮೆ, ಅದಕ್ಕೇ ಆಗ ಚುರುಕು.

ಕ್ಯೂಜಿಐಎಸ್ ಬೇರೆ ಬೇರೆ ಲೇಯರ್‌ಗಳನ್ನು ಪ್ರೊಸೆಸರಿನ ಬೇರೆ ಬೇರೆ ಕೋರ್‌ಗಳಿಗೆ ಹಂಚಿ ಒಟ್ಟಿಗೆ ಬಿಡಿಸಬಲ್ಲದು. ಆದರೆ ಒಂದೇ ಲೇಯರ್ ಹೀಗೆ ಸಿಕ್ಕಿಕೊಂಡರೆ ಉಳಿದವು ಮುಗಿಸಿ ಕಾಯುತ್ತವೆ. ಎಷ್ಟು ಕೋರ್ ಇದ್ದರೂ ಆ ಒಂದು ಮುಗಿಯುವವರೆಗೆ ನಕ್ಷೆ ಮುಗಿಯುವುದಿಲ್ಲ. ಹೊಸ ಕಂಪ್ಯೂಟರಿಗೆ ದುಡ್ಡು ಸುರಿದಿದ್ದರೂ ಗೆಳೆಯನಿಗೆ ಹೆಚ್ಚೇನೂ ಸಿಗುತ್ತಿರಲಿಲ್ಲ.

ಸರಿಪಡಿಸಲು ಎರಡು ದಾರಿ ಇತ್ತು. ಕ್ಯೂಜಿಐಎಸ್‌ನ 3.16ನೇ ಆವೃತ್ತಿಯಲ್ಲಿ ಬಂದ ಓವರ್‌ಲೇ ವಿದಿನ್ ಫಂಕ್ಷನ್ ಇಂಡೆಕ್ಸ್ ಬಳಸಿ ಇದೇ ಹುಡುಕಾಟವನ್ನು ಬೇಗ ಮಾಡುತ್ತದೆ. ಡೇಟಾ ದಿನಾ ಬದಲಾಗುವ ಕಡೆ ಅದೇ ಒಳ್ಳೆಯದು. ಇಲ್ಲಿ ಬಾವಿಗಳೂ ವಲಯಗಳೂ ಅಷ್ಟಾಗಿ ಬದಲಾಗುವುದಿಲ್ಲ. ಹಾಗಾಗಿ ಪ್ರೊಸೆಸಿಂಗ್ ಟೂಲ್‌ಬಾಕ್ಸ್‌ನ ಜಾಯಿನ್ ಆಟ್ರಿಬ್ಯೂಟ್ಸ್ ಬೈ ಲೊಕೇಶನ್ ಓಡಿಸಿ, ವಲಯದ ಹೆಸರನ್ನು ಒಂದು ಕಾಲಂನಲ್ಲಿ ಕಾಯಂ ಆಗಿ ಬರೆಸಿದೆ. ಲೇಬಲ್ ಈಗ ಆ ಕಾಲಂ ಓದುತ್ತದೆ, ಅಷ್ಟೇ.

ಫೋಲ್ಡರ್ ವಾಪಸ್ ಕಳಿಸಿದೆ. ಗೆಳೆಯ ಫೋನ್ ಮಾಡಿ ಮೊದಲು ಕೇಳಿದ್ದು, "ವಲಯದ ಗಡಿ ಬದಲಾದರೆ ಹೆಸರು ತಾನಾಗಿ ಬದಲಾಗುತ್ತಾ?" ಇಲ್ಲ, ಟೂಲನ್ನು ಮತ್ತೆ ಓಡಿಸಲೇಬೇಕು. ಅದನ್ನು ಬಾವಿಗಳ ಲೇಯರ್ ನೋಟ್ಸ್‌ನಲ್ಲಿ ಬರೆದಿಡು ಎಂದೆ. ನಾಳೆ ಆ ಪ್ರಾಜೆಕ್ಟ್ ಫೈಲ್ ಇನ್ಯಾರ ಕೈಗೋ ಹೋದರೂ ಲೇಯರ್ ಹೆಸರಿನ ಪಕ್ಕದ ಗುರುತು ನೋಡಿ ಅವರಿಗೆ ವಿಷಯ ತಿಳಿಯುತ್ತದೆ.